ಮಾಸ್ತರರ ಎದುರಿಗೆ ಹೇಳಿದ ಅಂಕಿ

ನಮ್ಮ ಆಸ್ಪತ್ರೆಯಲ್ಲಿ ಬಹುಕಾಲದ ನೋವಿರುವ ಹೆಣ್ಣುಮಕ್ಕಳಿಗೆ ಪ್ರತಿ ಗುರುವಾರ ಸಂಗೀತ ಚಿಕಿತ್ಸೆ ನಡೆಯುತ್ತದೆ. ವಯಸ್ಸಾದ ಮಾಸ್ತರರೊಬ್ಬರು ಹಾರ್ಮೋನಿಯಂ ನುಡಿಸುತ್ತ ಅರ್ಧ ಗಂಟೆ ಹಾಡುತ್ತಾರೆ. ಮೇಟ್ರನ್ ಆದ ನಾನು ಹಾಡಿಗೆ ಮೊದಲು ಮತ್ತು ನಂತರ, ನೋವು ಹತ್ತರಲ್ಲಿ ಎಷ್ಟು ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಳ್ಳುತ್ತೇನೆ. ನನಗೆ ನರ್ಸಿಂಗ್ ಹೇಳಿಕೊಟ್ಟ ಕಾನ್ವೆಂಟಿನ ಸಿಸ್ಟರುಗಳು, ಇದ್ದದ್ದನ್ನು ಇದ್ದಂತೆ ಬರೆಯಲು ಕಲಿಸಿದ್ದರು; ನಾನು ಬರೆದದ್ದನ್ನು ಯಾರೂ ತಿದ್ದಬೇಕಾಗಿ ಬಂದಿರಲಿಲ್ಲ.

ಸೊಂಟನೋವಿನ ಶಾಂತವ್ವ ಪ್ರತಿ ಸಲವೂ ಎಂಟರಿಂದ ಮೂರಕ್ಕೆ ಇಳಿಯುತ್ತಿದ್ದಳು. ಡಾಕ್ಟರು ಅದನ್ನು ನೋಡಿ ಸಂತೋಷದಿಂದ ಅವಳ ಗುಳಿಗೆಗಳನ್ನು ಅರ್ಧ ಮಾಡಿದರು. ಮುಂದಿನ ಗುರುವಾರ ಅವಳು ಗೋಡೆ ಹಿಡಿದುಕೊಂಡು ಬಂದಳು. ಹಾಡು ಮುಗಿದ ಮೇಲೆ ಎಷ್ಟು ಎಂದು ಕೇಳಿದೆ.

“ಮೂರು ಬರಕೊಳ್ರಿ, ಬಾಯಾರ.”

“ನಿಂದ್ರಾಕ ಬರವಲ್ದು, ಮೂರು ಹೆಂಗ?” ಎಂದು ಗದರಿಸಿ, ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದೆ. “ಖರೇ ಹೇಳು.”

“ಖರೇ ಅಂದ್ರ ಒಂಬತ್ತರಿ. ಬ್ಯಾನಿ ಒಂದಿನಾನೂ ಇಳದಿಲ್ರಿ.”

“ಮತ್ತ ಇಷ್ಟು ದಿನ?”

“ಮಾಸ್ತರು ಎದುರಿಗೇ ಕುಂತಿರತಾರ. ಅಷ್ಟು ಜೀವಾ ತೇದು ಹಾಡಿದವ್ರ ಮುಂದ ಏನೂ ಆಗಲಿಲ್ಲ ಅಂತ ಹೆಂಗ ಹೇಳೂದ್ರಿ? ಉಂಡ ಮನ್ಯಾಗ ಅಡಗಿ ಛಲೋ ಆಗಿಲ್ಲ ಅಂತೀವೇನ್ರಿ? ನಾ ಒಬ್ಬಾಕಿನ ಅಲ್ಲರಿ, ಎಲ್ಲಾರೂ ಹಂಗ ಹೇಳತಾರ.”

ಡಾಕ್ಟರು ಗುಳಿಗೆಗಳನ್ನು ಮೊದಲಿನಂತೆ ಬರೆದುಕೊಟ್ಟರು. ಅವುಗಳಿಂದಲೂ ಅವಳ ನೋವು ಎಂಟಕ್ಕಿಂತ ಕೆಳಗೆ ಬರುವುದಿಲ್ಲ. ಬೇರೆ ಮದ್ದು ಅವರಲ್ಲಿಲ್ಲ. ಈಗ ನಾನು ಮಾಸ್ತರರನ್ನು ಹೊರಗೆ ಕಳಿಸಿ ಅಂಕಿ ಕೇಳುತ್ತೇನೆ. ಒಬ್ಬರದೂ ಇಳಿದಿರುವುದಿಲ್ಲ.

ಬಾಗಿಲ ಬಳಿ ಕಾಯುವ ಮಾಸ್ತರರು, “ಇವತ್ತರೆ ಸ್ವಲ್ಪ ಕಡಿಮಿ ಆತೇನ್ರಿ?” ಎಂದು ಕೇಳುತ್ತಾರೆ. “ಭಾಳ ಕಡಿಮಿ ಆತ್ರಿ” ಎನ್ನುತ್ತೇನೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸದೆ ಬಿಟ್ಟದ್ದು ಇದೊಂದೇ ಎಂದು ಕಾಣುತ್ತದೆ.