ಗುವಾಹಟಿಯಿಂದ ಮೂರೇ ಗಂಟೆ

ದೆವ್ವ-ಗಿವ್ವ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗುವವಳು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬದಿದ್ದರೆ ಬೇಸರವೇನಿಲ್ಲ; ನಾಚಿಕೆಯಂತೂ ಆಗಲೇ ಸಾಕಷ್ಟಾಗಿದೆ.

ನನ್ನ ಮಗಳು ವೀಣಾಳ ಮದುವೆ ಬೀಗರ ಊರಾದ ಜಗಳೂರಿನಲ್ಲಿ ಗೊತ್ತಾಗಿತ್ತು. ನಮ್ಮಲ್ಲಿ ಹೆಣ್ಣನ್ನು ಸೋದರಮಾವನೇ ಕೈಹಿಡಿದು ಹಸೆಮಣೆಗೆ ಕರೆತರಬೇಕು. ನನಗಿರುವವನು ಒಬ್ಬನೇ ತಮ್ಮ, ಶಿವು. ಅಡಿಕೆ ವ್ಯಾಪಾರದ ಸಲುವಾಗಿ ಗುವಾಹಟಿಯಲ್ಲಿದ್ದ. ರೈಲಿನಲ್ಲಿ ಮುಂಚೆಯೇ ಹೊರಟು ಬರುತ್ತೇನೆಂದ. ನಾನೇ ಬೇಡವೆಂದೆ. ತಮ್ಮ ವಿಮಾನದಲ್ಲಿ ಬರುತ್ತಾನೆಂದು ಬೀಗರ ಮುಂದೆ ಹೇಳಿಕೊಳ್ಳುವ ಹುಚ್ಚು ನನಗೆ. ಮೊಬೈಲಿನಲ್ಲಿ ನೋಡಿದರೆ ಗುವಾಹಟಿಯಿಂದ ಬೆಂಗಳೂರಿಗೆ ಮೂರೇ ಗಂಟೆ ಚಿಲ್ಲರೆ. ನಮ್ಮ ಬಸವಾಪಟ್ಟಣದಿಂದ ಬಸ್ಸು ಬದಲಿಸಿಕೊಂಡು ಜಗಳೂರು ಮುಟ್ಟುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮುಹೂರ್ತ ಇರುವುದು ಮಧ್ಯಾಹ್ನ, ಮದುವೆ ದಿನ ಬೆಳಿಗ್ಗೆ ಹೊರಟರೆ ಸಾಕು ಎಂದು ಅಪ್ಪಣೆ ಕೊಟ್ಟೆ. ವಿಮಾನ ಇಳಿದ ಮೇಲೆ ಅಲ್ಲಿಂದ ಜಗಳೂರಿಗೆ ಮತ್ತೆ ಅರ್ಧ ದಿನದ ರಸ್ತೆ ಎನ್ನುವುದು ನನ್ನ ತಲೆಗೇ ಹೋಗಲಿಲ್ಲ. ಅವನು ಹಿಂದಿನ ದಿನವೇ ಬರಲೇ ಎಂದು ರಾಗ ಎಳೆದ. ಬಾಯಿ ಮುಚ್ಚಿಸಿದೆ.

ಆ ಬೆಳಿಗ್ಗೆ ಅಲ್ಲಿ ಮಂಜು ಮುಸುಕಿ ವಿಮಾನ ತಡವಾಯಿತು. ಕೊನೆಗೆ, ಹತ್ತುತ್ತಿದ್ದೇನೆ ಎಂದು ಹೇಳಿ ಫೋನ್ ಆಫ್ ಮಾಡಿದ. ಇತ್ತ ಮುಹೂರ್ತ ಬಂದೇಬಿಟ್ಟಿತು. ವೀಣಾ ಕೋಣೆಯಲ್ಲಿ ಮಾವ ಬಂದರಾ ಎಂದು ಕೇಳುತ್ತಲೇ ಇದ್ದಳು. ಹೆಣ್ಣನ್ನು ಕರೆತನ್ನಿ ಎಂದು ಮದುವೆ ಮಾಡಿಸುವ ಸ್ವಾಮಿಗಳು ಕೂಗಿದರು.

ಆಗ ಛತ್ರದ ಬಾಗಿಲಲ್ಲಿ ಶಿವು ನಿಂತಿದ್ದ. ನೀಲಿ ಅಂಗಿ, ಹೆಗಲಿಗೆ ಚೀಲ. ಕಣ್ಣಾರೆ ಕಂಡೆ. ಹೋದ ಜೀವ ಬಂದಂತಾಗಬೇಕಿತ್ತು, ಆದರೆ ನನಗೆ ಮೈಯೆಲ್ಲ ಉರಿದುಹೋಯಿತು.

"ಈಗ ಬಂದೇನೋ? ನೀನಿಲ್ಲ ಅಂದ್ರೆ ನನ್ನ ಮಗಳ ಮದುವಿ ನಿಲ್ತೈತೇನು? ಬಂದ ದಾರಿ ಹಿಡ್ಕಂಡು ಹೋಗು."

ವಾಲಗದ ಅಬ್ಬರದಲ್ಲಿ ಅದು ಕೇಳಿಸಿದ್ದು ಪಕ್ಕದಲ್ಲಿದ್ದ ಬೀಗಿತ್ತಿಗೆ ಮಾತ್ರ. ಅವರು ನನ್ನ ರಟ್ಟೆ ಹಿಡಿದು, "ಯಾರಿಗೆ ಬೈತೀರಿ? ಅಲ್ಲಿ ಯಾರೂ ಇಲ್ಲಲ್ರೀ" ಎಂದರು. ನೋಡಿದರೆ ಬಾಗಿಲು ಖಾಲಿ. ಅವರ ಮುಖ ನೋಡಲಾಗದೆ ತಲೆ ತಗ್ಗಿಸಿದೆ. ಕೊನೆಗೆ ನನ್ನ ಚಿಕ್ಕಪ್ಪನ ಮಗ ವೀಣಾಳ ಕೈಹಿಡಿದು ಕರೆತಂದ.

ಶಿವು ಬಂದಾಗ ದೀಪ ಹಚ್ಚಿಯಾಗಿತ್ತು, ನೆಂಟರೆಲ್ಲ ಹೋಗಿದ್ದರು. ಅದೇ ನೀಲಿ ಅಂಗಿ. ಮುಹೂರ್ತದ ಹೊತ್ತಿಗೆ ವಿಮಾನ ಇನ್ನೂ ಆಕಾಶದಲ್ಲೇ ಇತ್ತಂತೆ. ಯಾರನ್ನೂ ಮಾತಾಡಿಸದೆ ಸೀದಾ ನನ್ನ ಹತ್ತಿರ ಬಂದು ನಗಲು ನೋಡಿದ.

"ವಿಮಾನದಾಗೆ ಕಣ್ಣು ಹತ್ತಿತ್ತಕ್ಕ. ಛತ್ರದ ಬಾಗ್ಲಾಗೆ ನಿಂತಿದ್ದಂಗೆ ಕನಸು. ಬಂದ ದಾರಿ ಹಿಡ್ಕಂಡು ಹೋಗು ಅಂದೆ ನೀನು. ಎಚ್ಚರಾದಾಗ ಅಳ್ತಿದ್ದೆ ನೋಡು."

ಕನಸಲ್ಲ ಕಣೋ, ನಾನು ಅಂದದ್ದು ನಿಜ, ತಡವಾದ ತಪ್ಪೂ ನನ್ನದೇ ಎಂದು ಹೇಳಿಬಿಡಬೇಕಿತ್ತು. ಕೈಕಾಲು ತೊಳ್ಕೋ, ಊಟ ಮಾಡು ಎಂದೆ. ಅಲ್ಲೇ ಇದ್ದು ಎಲ್ಲ ಕೇಳಿಸಿಕೊಂಡ ಬೀಗಿತ್ತಿ ನನ್ನನ್ನೊಮ್ಮೆ ನೋಡಿ, ಅವನಿಗೆ ಎಲೆ ಹಾಕಲು ಹೋದರು. ಇವತ್ತಿಗೂ ಆ ಮಾತು ಎತ್ತಿಲ್ಲ, ದೊಡ್ಡವರು.

ನಿದ್ದೆಗೆಟ್ಟ ಕಣ್ಣಿಗೆ ಏನೋ ಕಂಡಿತು ಅನ್ನೋಣ. ಹಾಗಾದರೆ ನನ್ನ ಮಾತು ಅಷ್ಟು ಎತ್ತರದಲ್ಲಿದ್ದ ಅವನಿಗೆ ಹೇಗೆ ಮುಟ್ಟಿತು? ಗೊತ್ತಿಲ್ಲ. ನಿಮಗೆ ತಿಳಿದರೆ ಹೇಳಿ. ಅಂದಿನಿಂದ ಶಿವು ನಮ್ಮ ಮನೆಗೆ ಬಂದರೆ ಹೊಸ್ತಿಲಾಚೆ ನಿಂತುಬಿಡುತ್ತಾನೆ. ಒಳಗೆ ಬಾರೋ ಎಂದು ನಾನು ಕರೆಯುವವರೆಗೂ ಕಾಲಿಡುವುದಿಲ್ಲ. ಯಾಕೋ ಹಂಗೆ ಎಂದರೆ, ನನಗೂ ಗೊತ್ತಿಲ್ಲಕ್ಕ ಅನ್ನುತ್ತಾನೆ.