ಬಾನೆಟ್ಟಿನ ಮೇಲಿನ ಮೂರು ಗೆರೆ

ಭುವನಕ್ಕನ ಬಲಗೈಯಲ್ಲಿ ಯಾವಾಗಲೂ ಒಂದು ಬಿಳಿ ಹತ್ತಿಯ ಕೈಗವಸು ಇರುತ್ತದೆ. ಟೀ ಕುಡಿಯುವಾಗ ಮಾತ್ರ ಅದು ಬಿಚ್ಚಿಕೊಂಡು ಜೇಬು ಸೇರುತ್ತದೆ. ಜೇಬೆಂದರೆ ಸೀರೆಯ ಮೇಲೆ ತೊಟ್ಟ ಗಂಡನ ಹಳೆಯ ಅಂಗಿಯದು. ನಾಗಸಂದ್ರ ಮೆಟ್ರೋದಿಂದ ಪೀಣ್ಯದ ಕಡೆಗೆ ಒಳರಸ್ತೆ ಹಿಡಿದು ಬಂದರೆ, ಸ್ಕ್ರೂ ಮಾಡುವ ಕಾರ್ಖಾನೆಗೂ ಗೋಣಿಚೀಲದ ಗೋದಾಮಿಗೂ ನಡುವೆ ಅವಳ ಶೆಡ್ಡು ಸಿಗುತ್ತದೆ. ಬೋರ್ಡಿನಲ್ಲಿ ‘ಭುವನೇಶ್ವರಿ ಡೆಂಟ್ ವರ್ಕ್ಸ್’ ಎಂದಿದೆ. ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ‘ಇಲ್ಲಿ ಪೇಂಟ್ ಮಾಡುವುದಿಲ್ಲ’ ಎಂದಿದೆ. ಎರಡನೆಯ ಸಾಲು ಓದಿ ಗಾಡಿ ತಿರುಗಿಸಿಕೊಂಡು ಹೋಗುವವರು ಬಹಳ. ಆ ಸಾಲನ್ನು ಅಳಿಸು ಎಂದು ಗಂಡ ಹಣಮಂತ ಎಷ್ಟೋ ಸಲ ಹೇಳಿದ್ದಾನೆ. ಅವಳು ಅಳಿಸಿಲ್ಲ.

ಬಣ್ಣ ಒಡೆಯದೆ ತಗಡು ಮಾತ್ರ ಒಳಗೆ ಹೋಗಿದ್ದರೆ, ಹಿಂದಿನಿಂದ ಉಕ್ಕಿನ ಸಲಾಕೆ ತೂರಿಸಿ, ಸಾಸಿವೆ ಕಾಳಿನಷ್ಟು ಸಾಸಿವೆ ಕಾಳಿನಷ್ಟು ಒತ್ತುತ್ತ ತಗ್ಗನ್ನು ಮೇಲೆ ತರುವುದು ಅವಳ ಕೆಲಸ. ತಗ್ಗು ತುಂಬುವ ಪಟ್ಟಿ ಮೆತ್ತುವುದಿಲ್ಲ, ಉಜ್ಜುವುದಿಲ್ಲ, ಬಣ್ಣ ಹೊಡೆಯುವುದಿಲ್ಲ. ಸಲಾಕೆಗಳನ್ನು ಲೇತ್ ಕೆಲಸದ ಹಣಮಂತನೇ ಮಾಡಿಕೊಟ್ಟಿದ್ದಾನೆ. ತುದಿ ಬಾಗಿದ ಉದ್ದನೆಯದಕ್ಕೆ ಅವಳು ಕೊಕ್ಕರೆ ಎನ್ನುತ್ತಾಳೆ, ಅರ್ಧಚಂದ್ರದಂತೆ ಬಗ್ಗಿದ್ದಕ್ಕೆ ಕುಡಗೋಲು ಎನ್ನುತ್ತಾಳೆ. ಗಾಡಿ ಬಂದ ಕೂಡಲೇ ಕೈಗವಸಿನ ಅಂಗೈಯನ್ನು ತಗ್ಗಿನ ಮೇಲೆ ಒಮ್ಮೆ ಎಳೆದು, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳಿಬಿಡುತ್ತಾಳೆ. ನೋಡೋಣ, ಪ್ರಯತ್ನ ಮಾಡೋಣ ಎಂಬ ಮಾತು ಅವಳ ಬಾಯಲ್ಲಿ ನಾನು ಕೇಳಿಲ್ಲ. ಎದುರಿನ ಕಟ್ಟಡದಲ್ಲಿ ನನ್ನ ಆಫೀಸು. ಟೀ ಅಂಗಡಿ ಇಬ್ಬರಿಗೂ ಒಂದೇ.

ಲಿಂಗಸುಗೂರು ಕಡೆಯ ಹಳ್ಳಿಯಿಂದ ಅವಳ ತಂದೆತಾಯಿ ಕಟ್ಟಡದ ಕೆಲಸಕ್ಕೆ ಇಲ್ಲಿಗೆ ಬಂದಾಗ ಅವಳು ಹತ್ತನೆಯ ತರಗತಿ ಮುಗಿಸಿದ್ದಳು. ಕಾರಿನ ಬಾಗಿಲು, ಬಾನೆಟ್ಟುಗಳ ತಗಡು ಒತ್ತುವ ಕಾರ್ಖಾನೆಯಲ್ಲಿ ಪರೀಕ್ಷಕಿಯ ಕೆಲಸ ಸಿಕ್ಕಿತು. ಕೈಗವಸು ಅಲ್ಲಿಯದು. ಬರಿಗೈ ತಗಡಿಗೆ ಅಂಟಿಕೊಂಡು ತಡೆಯುತ್ತದೆ. ಹತ್ತಿ ಬಟ್ಟೆ ಜಾರುತ್ತದೆ, ಆಗ ಕಣ್ಣಿಗೆ ಕಾಣದ ತಗ್ಗು ಕೂಡ ಅಂಗೈಗೆ ತಿಳಿಯುತ್ತದೆ. ಒತ್ತಿ ಬಂದ ಬರಿ ತಗಡುಗಳ ಮೇಲೆ ವರ್ಷಗಟ್ಟಲೆ ಕೈ ಎಳೆದಳು. ಆ ವಿಭಾಗ ಬೇರೆ ರಾಜ್ಯಕ್ಕೆ ಹೋದಾಗ ಉಳಿದವರು ಗಾರ್ಮೆಂಟ್ಸ್ ಸೇರಿದರು. ಇವಳು ವೈಟ್‌ಫೀಲ್ಡಿನಲ್ಲಿ ಹೊಸ ಕಾರುಗಳನ್ನು ನಿಲ್ಲಿಸುವ ಅಂಗಳವೊಂದಕ್ಕೆ ಹೋಗಿ ಈ ಕೆಲಸ ಕಲಿತಳು. ತಗ್ಗು ಹುಡುಕುವುದು ಆಗಲೇ ಬರುತ್ತಿತ್ತು, ತೆಗೆಯುವುದಷ್ಟೇ ಕಲಿಯಬೇಕಿತ್ತು ಎಂದು ಅವಳು ಹೇಳುತ್ತಾಳೆ.

ಈಗ ಹೇಳಹೊರಟಿರುವುದು ದಸರೆ ಮುಗಿದ ಮೇಲೆ ಅವಳ ಶೆಡ್ಡಿಗೆ ಬಂದ ಒಂದು ಹಳೆಯ ಫಿಯೆಟ್ ಕಾರಿನ ವಿಷಯ.

ಮೊದಲು ಬಂದವರು ಕಾರಿನ ಮಾಲೀಕರ ಮಗ ಪರಮಾನಂದ. ಸಮೀಪದ ಅಪಾರ್ಟ್‌ಮೆಂಟಿನವರು, ಕಂಪನಿಯೊಂದರಲ್ಲಿ ಮ್ಯಾನೇಜರು. ಮೊಬೈಲಿನಲ್ಲಿ ಫೋಟೋ ತೋರಿಸಿದರು. ಕಡು ನೀಲಿ ಬಾನೆಟ್ಟಿನ ಬಲಭಾಗದಲ್ಲಿ ಊಟದ ತಟ್ಟೆಯಷ್ಟು ಅಗಲದ ತಗ್ಗು. ಹೇಗಾಯಿತು ಎಂದು ಭುವನಕ್ಕ ಕೇಳಿದಾಗ ಅವರು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹೇಳಿದರು. ಆಯುಧಪೂಜೆಯ ದಿನ ಬೂದುಗುಂಬಳದ ಮೇಲೆ ಕರ್ಪೂರ ಹಚ್ಚಿ ಕಾರಿಗೆ ದೃಷ್ಟಿ ತೆಗೆಯುತ್ತಿದ್ದಾಗ, ಉರಿಯುವ ಕರ್ಪೂರ ಜಾರಿ ಬೆರಳಿಗೆ ಬಂದಿತ್ತು. ಅವರು ಕೈ ಬಿಟ್ಟಿದ್ದರು. ರಸ್ತೆಯ ಮೇಲೆ ಒಡೆಯಬೇಕಾದ ಕುಂಬಳ ಬಾನೆಟ್ಟಿನ ಮೇಲೆ ಒಡೆದಿತ್ತು.

ತುಮಕೂರು ರಸ್ತೆಯ ಗ್ಯಾರೇಜುಗಳೆಲ್ಲ ಒಂದೇ ಉತ್ತರ ಕೊಟ್ಟಿದ್ದವು: ಟಿಂಕರಿಂಗ್ ಮಾಡಿ, ಪಟ್ಟಿ ಹಾಕಿ, ಇಡೀ ಬಾನೆಟ್ಟಿಗೆ ಹೊಸ ಪೇಂಟ್. ಪೇಂಟ್ ಮುಟ್ಟದೆ ಡೆಂಟ್ ತೆಗೆಯುವವರನ್ನು ಹುಡುಕಿಕೊಂಡು ಪರಮಾನಂದ ಊರಿನ ಇನ್ನೊಂದು ತುದಿಯವರೆಗೂ ಹೋಗಿದ್ದರು. ಅಲ್ಲಿಯವನು, ಬಣ್ಣ ಮಂಕಾಗಿದೆ, ಮೊದಲು ಪಾಲಿಶ್ ಹೊಡೆದು ಹೊಳಪು ಬರಿಸಬೇಕು, ಹೊಳೆಯದಿದ್ದರೆ ತಗ್ಗಿನ ಅಂಚು ಕಾಣುವುದಿಲ್ಲ ಎಂದಿದ್ದ. ಅವನು ಹೇಳಿದ್ದು ಸರಿಯೇ. ಆದರೆ ಪರಮಾನಂದರ ತಾಯಿ ಪಾಲಿಶ್ ಕೂಡ ಬೇಡವೆಂದರು.

“ಯಾಕೆ ಬೇಡ ಅಂತಾರೆ ಸಾರ್?”

“ನೀವೇ ಅವರನ್ನ ಕೇಳಿ ಮೇಡಂ. ನಾನು ಕೇಳಿದ್ರೆ ಕುಂಬಳಕಾಯಿ ವಿಷಯ ಮತ್ತೆ ಶುರು ಆಗುತ್ತೆ.”

ಮರುದಿನ ಕಾರು ಬಂತು. ಮುಂದಿನ ಸೀಟಿನಲ್ಲಿ ಪರಮಾನಂದರ ತಾಯಿ ಮಹಾಂತಮ್ಮ ಕುಳಿತಿದ್ದರು. ಗದಗದವರು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಕೈಚೀಲ. ಇಳಿಯಲಿಲ್ಲ. ಕಿಟಕಿಯಿಂದಲೇ ಶೆಡ್ಡನ್ನು ಒಮ್ಮೆ, ಭುವನಕ್ಕನನ್ನು ಒಮ್ಮೆ ನೋಡಿದರು.

ಭುವನಕ್ಕ ಬಾನೆಟ್ಟಿನ ಮೇಲೆ ಬಗ್ಗಿದಳು. ಫೋಟೋದಲ್ಲಿ ಕಾಣದಿದ್ದದ್ದು ಈಗ ಕಂಡಿತು. ತಗ್ಗಿನ ಮೇಲೆ ಅಡ್ಡಲಾಗಿ ಮೂರು ಮಂಕು ಗೆರೆಗಳು ಹಾದುಹೋಗಿದ್ದವು. ಗೆರೆ ಎಂದರೆ ಗೀರಲ್ಲ. ಅಲ್ಲಿ ಬಣ್ಣ ತನ್ನ ಹೊಳಪನ್ನು ಪೂರ್ತಿ ಕಳೆದುಕೊಂಡಿತ್ತು.

“ವಿಭೂತಿ ಏನ್ರಿ ಯವ್ವಾ ಇವು?” ಅವಳ ಮಾತು ತಾನಾಗಿಯೇ ಊರಿನ ಕಡೆಗೆ ತಿರುಗಿತು.

ಮಹಾಂತಮ್ಮ ಬಾಗಿಲು ತೆಗೆದು ಇಳಿದರು.

ಹತ್ತಿ ಜಿನ್ನಿಂಗ್ ಕಾರ್ಖಾನೆಯ ಮ್ಯಾನೇಜರಾಗಿದ್ದ ಅವರ ಯಜಮಾನರು ಈ ಕಾರನ್ನು ಹೊಸದಾಗಿಯೇ ಕೊಂಡಿದ್ದರು. ಪ್ರತಿ ವರ್ಷ ಖಂಡೇಪೂಜೆಯಂದು, ಎಂದರೆ ಆಯುಧಪೂಜೆಯ ದಿನ, ವಿಭೂತಿ ಕಲಸಿ, ಬಲಗಡೆ ನಿಂತು, ಅದೇ ಜಾಗದಲ್ಲಿ ಮೂರು ಬೆರಳು ಎಳೆಯುತ್ತಿದ್ದರು. ಎಳೆದದ್ದನ್ನು ಒರೆಸಲು ಬಿಡುತ್ತಿರಲಿಲ್ಲ. ಬಿಸಿಲಿಗೆ ತಾನಾಗಿ ಉದುರಬೇಕಿತ್ತು. ಹಾಗೆ ವರ್ಷದ ಮೇಲೆ ವರ್ಷ ಬೂದಿ ಕುಳಿತ ಕಡೆ ಬಣ್ಣ ಸತ್ತು, ಅವರ ಕೈಯ ಗುರುತು ಉಳಿದಿತ್ತು. ಅವರು ಹೋದ ಮೇಲೆ ಆ ಜಾಗದಲ್ಲಿ ಯಾರೂ ವಿಭೂತಿ ಹಚ್ಚಿರಲಿಲ್ಲ. ಮಗ ಎಡಗಡೆ ಹಚ್ಚುತ್ತಿದ್ದರು.

“ಫೋಟೋ ಮನಿ ತುಂಬ ಅದಾವ. ಕೈ ಇರೂದು ಇಲ್ಲೊಂದs ಕಡೆ. ಪಾಲೀಸ ಹೊಡದ್ರ ಅದೂ ಹೋಕ್ಕೈತಿ” ಎಂದರು ಮಹಾಂತಮ್ಮ. ಆಮೇಲೆ ಮಗನ ಕಡೆ ನೋಡಿದರು. “ನಮ್ಮ ಕಡೆ ಟೆಂಗಿನಕಾಯಿ ಒಡೀತಾರ. ಇಂವ ಬೆಂಗಳೂರಾಗ ಕುಂಬಳಕಾಯಿ ಕಲತಾನ. ದೃಷ್ಟಿ ತಗಿಯಾಕ ಹೋಗಿ ಇಂವನs ದೃಷ್ಟಿ ಆದ.”

ಪರಮಾನಂದ ಶೆಡ್ಡಿನ ತಗಡಿನ ಸೂರನ್ನು ನೋಡುತ್ತ ನಿಂತರು.

ಭುವನಕ್ಕ ಅಂಗೈ ಎಳೆದಳು, ಇನ್ನೊಮ್ಮೆ ಎಳೆದಳು. ಹಳೆಯ ಕಾಲದ ದಪ್ಪ ತಗಡು, ಮಡಚಿಲ್ಲ, ತಗ್ಗು ಮೇಲೆ ಬರುತ್ತದೆ. ಸಮಸ್ಯೆ ಇದ್ದದ್ದು ನೋಡುವುದರಲ್ಲಿ. ಸಾಮಾನ್ಯವಾಗಿ ಅವಳು ಟ್ಯೂಬ್‌ಲೈಟಿನ ಬೆಳಕು ಬಣ್ಣದಲ್ಲಿ ಹೇಗೆ ಬಾಗುತ್ತದೆ ಎಂದು ನೋಡಿಕೊಂಡೇ ಸಲಾಕೆ ಒತ್ತುವುದು. ಇಲ್ಲಿ ಬೆಳಕು ಗೆರೆಗಳ ಹತ್ತಿರ ಬಂದ ಕೂಡಲೇ ಸತ್ತುಹೋಗುತ್ತಿತ್ತು. ಕಾಣದೆ ಒತ್ತಿದರೆ ತಗಡು ಎಲ್ಲೆಲ್ಲೋ ಮೊಳಕೆಯೊಡೆದಂತೆ ಏಳುತ್ತದೆ. ಕಾಣುವಂತೆ ಮಾಡಲು ಪಾಲಿಶ್ ಹೊಡೆದರೆ ಗೆರೆ ಹೋಗುತ್ತದೆ.

ಕೈಗವಸು ಬಿಚ್ಚಿ ಜೇಬಿಗೆ ಹಾಕಿ ಟೀ ಅಂಗಡಿಗೆ ಹೋದಳು. ಗ್ಲಾಸು ಅರ್ಧ ಆಗುವ ಮೊದಲೇ ವಾಪಸ್ಸು ಬಂದಳು.

“ಆಗ್ತೈತ್ರಿ. ಗೆರಿ ಹೋಗೂದಿಲ್ಲ.”

ಅವಳಿಗೆ ನೆನಪಾದದ್ದು ಕಾರ್ಖಾನೆಯ ಬರಿ ತಗಡು. ಅದಕ್ಕೂ ಬಣ್ಣವಿರುತ್ತಿರಲಿಲ್ಲ, ಹೊಳಪಿರುತ್ತಿರಲಿಲ್ಲ. ಮೇಲೆ ತೆಳ್ಳಗೆ ಎಣ್ಣೆ ಸವರಿ ದೀಪದ ಕೆಳಗೆ ಇಡುತ್ತಿದ್ದರು. ಎಣ್ಣೆ ಇರುವಷ್ಟು ಹೊತ್ತು ತಗಡು ಕನ್ನಡಿಯಾಗುತ್ತಿತ್ತು, ಒರೆಸಿದರೆ ಮತ್ತೆ ತಗಡು. ಕಾರಿನ ಬಣ್ಣದ ಮೇಲೆ ಇದನ್ನು ಮಾಡಬೇಕಾದ ಅಗತ್ಯ ಇದುವರೆಗೆ ಬಿದ್ದಿರಲಿಲ್ಲ. ಮೊದಲು ಬಾನೆಟ್ಟಿನ ಮೂಲೆಯಲ್ಲಿ, ಬಿಸಿಲಿಗೆ ಮಂಕಾದ ಒಂದು ಕಡೆ, ಬೆರಳಿನಷ್ಟು ಎಣ್ಣೆ ಹಚ್ಚಿ, ಸೋಪಿನ ನೀರಿನಿಂದ ತೊಳೆದು, ಒಣಗಿಸಿ ನೋಡಿದಳು. ಮಂಕು ಇದ್ದ ಹಾಗೇ ಇತ್ತು. ಮಹಾಂತಮ್ಮನನ್ನು ಕರೆದು ಅದನ್ನು ತೋರಿಸಿದಳು. ಆಮೇಲೆ ಪರಮಾನಂದರ ಕೈಯಲ್ಲಿ ಒಂದು ಬದಿ ಹಿಡಿಸಿ ಬಾನೆಟ್ಟನ್ನು ಬಿಚ್ಚಿ ಕಂಬಳಿ ಹೊದಿಸಿದ ಸ್ಟ್ಯಾಂಡಿನ ಮೇಲೆ ಇಟ್ಟಳು. ಹಳೆಯ ಬಣ್ಣ ಬಿರಿಯದಿರಲೆಂದು ಕೂದಲು ಒಣಗಿಸುವ ಡ್ರೈಯರಿನಿಂದ ಬೆಚ್ಚಗೆ ಮಾಡಿದಳು. ಅರಿವೆಯನ್ನು ಎಣ್ಣೆಯಲ್ಲಿ ಅದ್ದಿ ತಗ್ಗಿನ ಮೇಲೆ ಸವರಿದಳು.

ಮೂರೂ ಗೆರೆಗಳು ಮಾಯವಾದವು.

ಮೂಲೆಯಲ್ಲಿ ನೋಡಿದ್ದರೂ ಮಹಾಂತಮ್ಮ ಕುರ್ಚಿಯಿಂದ ಎದ್ದುಬಿಟ್ಟರು. ಕೈಚೀಲವನ್ನು ಎದೆಗೆ ಒತ್ತಿಕೊಂಡಿದ್ದರು.

“ಅದಾವ್ರಿ ಯವ್ವಾ, ಎಣ್ಣಿ ಬುಡಕ ಅದಾವ. ಕುಂದರ್ರಿ” ಎಂದಳು ಭುವನಕ್ಕ, ತಲೆ ಎತ್ತದೆ. ಅವಳ ಧ್ವನಿಯಲ್ಲಿ ಸಮಾಧಾನ ಮಾಡುವ ರಾಗ ಇರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುವ ರೀತಿ ಇತ್ತು. ಮಹಾಂತಮ್ಮ ಕುಳಿತರು, ಆದರೆ ಕುರ್ಚಿಯ ತುದಿಯಲ್ಲಿ.

ಈಗ ಟ್ಯೂಬ್‌ಲೈಟು ನೀಲಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ತಗ್ಗಿನ ಹತ್ತಿರ ಬಂದು ಹಗ್ಗದಂತೆ ಜೋತುಬಿದ್ದಿತ್ತು. ಕೊಕ್ಕರೆಯನ್ನು ಕೆಳಗಿನಿಂದ ತೂರಿಸಿ ಅಂಚಿನಿಂದ ಶುರು ಮಾಡಿದಳು. ಒತ್ತುವುದು, ನೋಡುವುದು, ಅಂಗೈ ಎಳೆಯುವುದು, ಎಣ್ಣೆ ಆರಿದರೆ ಮತ್ತೆ ಸವರುವುದು. ದಪ್ಪ ತಗಡು ಬೇಗ ಮಣಿಯಲಿಲ್ಲ. ಕುಡಗೋಲು ಹಿಡಿದಾಗ ಅವಳ ಮುಂಗೈ ನರ ಎದ್ದು ಕಾಣುತ್ತಿತ್ತು. ಪರಮಾನಂದ ಆಫೀಸಿನ ಕರೆಗಳಿಗೆ ಹೊರಗೆ ಹೋಗಿ ಬಂದು ಮಾಡುತ್ತಿದ್ದರು. ಮಧ್ಯಾಹ್ನ ಮಹಾಂತಮ್ಮ ಕೈಚೀಲದಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ಭುವನಕ್ಕನಿಗೂ ಒಂದು ಪಾಲು ಮೊದಲೇ ಕಟ್ಟಿಕೊಂಡು ಬಂದಿದ್ದರು. ಕಾರು ಕೊಡುವುದು ಬಿಡುವುದು ಇಲ್ಲಿಗೆ ಬಂದ ಮೇಲೆ ನಿರ್ಧರಿಸುತ್ತೇನೆ ಎಂದವರು ರೊಟ್ಟಿಯನ್ನು ಮಾತ್ರ ಎಣಿಸಿಯೇ ತಂದಿದ್ದರೆಂದು ಪರಮಾನಂದ ನಕ್ಕರು.

ಬಿಸಿಲು ಇಳಿಯುವಾಗ ಟ್ಯೂಬ್‌ಲೈಟಿನ ಗೆರೆ ನೆಟ್ಟಗಾಯಿತು. ಭುವನಕ್ಕ ಸೋಪಿನ ನೀರಿನಲ್ಲಿ ಎಣ್ಣೆ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದಳು. ನೀರು ಆರುತ್ತ ಬಂದಂತೆ ಮೊದಲು ಮೇಲಿನ ಗೆರೆ, ಆಮೇಲೆ ನಡುವಿನದು, ಕೊನೆಗೆ ಕೆಳಗಿನದು ಹೊರಬಂದವು.

ಆದರೆ ಕೆಳಗಿನ ಗೆರೆಯ ತುದಿ ನೆಟ್ಟಗಿರಲಿಲ್ಲ. ಸ್ವಲ್ಪ ಮೇಲಕ್ಕೆ ಎದ್ದಿತ್ತು. ಅಲ್ಲಿ ತಗಡು ಉಬ್ಬಿದೆ, ಹೆಚ್ಚು ಒತ್ತಿಬಿಟ್ಟಿದ್ದೇನೆ ಎಂದು ಭುವನಕ್ಕನಿಗೆ ಅನಿಸಿತು. ಉಬ್ಬನ್ನು ಕೂರಿಸುವ ಮೊಂಡು ಕಡ್ಡಿ ಮತ್ತು ಚಿಕ್ಕ ಸುತ್ತಿಗೆ ತೆಗೆದುಕೊಂಡಳು. ಕಡ್ಡಿಯ ತುದಿ ಗೆರೆಯ ಮೇಲೆ ಇಟ್ಟದ್ದೂ ಆಗಿತ್ತು.

“ತಡಿ ತಂಗಿ. ಅದು ಇರೂದs ಹಂಗ.”

ಭುವನಕ್ಕ ಸುತ್ತಿಗೆ ಇಳಿಸಿದಳು. ಮಹಾಂತಮ್ಮ ಹತ್ತಿರ ಬಂದು ತಮ್ಮ ಬಲಗೈಯ ಮೂರು ಬೆರಳುಗಳನ್ನು ಗಾಳಿಯಲ್ಲಿ ಚಾಚಿ, ಉಂಗುರದ ಬೆರಳನ್ನು ಸ್ವಲ್ಪ ಮಡಿಸಿ ತೋರಿಸಿದರು. ಯಜಮಾನರ ಆ ಬೆರಳು ಕಾಲೇಜಿನ ದಿನಗಳಲ್ಲಿ ವಾಲಿಬಾಲ್ ಆಡುವಾಗ ಮುರಿದು ಸೊಟ್ಟಗೆ ಕೂಡಿಕೊಂಡಿತ್ತಂತೆ. ಹಣೆಗೆ ಹಚ್ಚಿಕೊಂಡ ವಿಭೂತಿಯ ಕೆಳಗಿನ ಗೆರೆಯೂ ಹಾಗೆಯೇ ಏಳುತ್ತಿತ್ತು. ಮದುವೆಗೆ ಮೊದಲು ನೋಡಲು ಬಂದಾಗ ತಾವು ಮೊದಲು ಗಮನಿಸಿದ್ದು ಅದನ್ನೇ ಎಂದರು.

ಭುವನಕ್ಕ ಕಣ್ಣು ಮುಚ್ಚಿ ಅಂಗೈಯನ್ನು ಆ ತುದಿಯ ಮೇಲೆ ಎಳೆದಳು. ಸಪಾಟಾಗಿತ್ತು. ಕೈ ಮೊದಲೇ ಅದನ್ನು ಹೇಳಿತ್ತು, ಅವಳು ಕಣ್ಣಿನ ಮಾತು ಕೇಳಿದ್ದಳು. ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿದಳು.

“ಚಲೋ ಆತು ನೀವು ಕುರ್ಚಿ ತುದೀಗೆ ಕುಂತಿದ್ದು” ಎಂದಳು.

ಮಹಾಂತಮ್ಮ ನಗಲಿಲ್ಲ. ಕೈ ಚಾಚಿದರು. “ಆ ಕೈಚೀಲ ಇಲ್ಲಿ ಕೊಡು.” ಅವರು ಕೇಳಿದ್ದು ಕೈಗವಸನ್ನು.

ಭುವನಕ್ಕ ಬಿಚ್ಚಿ ಕೊಟ್ಟಳು. ಬೆರಳುಗಳನ್ನು ಒಂದೊಂದಾಗಿ ತೂರಿಸಿ, ಹೇಗೆ ಎಳೆಯಬೇಕೆಂದು ಹೇಳಿಕೊಟ್ಟಳು. ಒತ್ತಬಾರದು, ಮಲಗಿದ ಕೂಸಿನ ಬೆನ್ನು ಸವರಿದ ಹಾಗೆ. ಮಹಾಂತಮ್ಮ ಕಣ್ಣು ಮುಚ್ಚಿ ಎಡದಿಂದ ಬಲಕ್ಕೆ ಕೈ ಎಳೆದರು. ಮೇಲಿಂದ ಕೆಳಗೆ ಎಳೆದರು. ಕುಂಬಳ ಬಿದ್ದ ಜಾಗವನ್ನು ಹುಡುಕಿದರು.

“ಕೈಗೆ ಏನೂ ಹತ್ತವಲ್ದು” ಎಂದರು.

ಕಣ್ಣು ತೆರೆದಾಗ ಅವರ ಕೈಯ ಕೆಳಗೆ ಮೂರು ಗೆರೆಗಳಿದ್ದವು. ಕೊನೆಯದರ ತುದಿ ಮೇಲಕ್ಕೆ ಎದ್ದಿತ್ತು.

ಬಾನೆಟ್ಟನ್ನು ಜೋಡಿಸಿದ ಮೇಲೆ ಪರಮಾನಂದ ಡ್ರೈವರ್ ಸೀಟಿಗೆ ಹೋದರು. ಮುಂದಿನ ವರ್ಷ ಟೆಂಗಿನಕಾಯಿ, ಅದೂ ಗೇಟಿನ ಹೊರಗೆ ಎಂದು ತಾಯಿ ಹೇಳುತ್ತಿದ್ದುದು ಗಾಡಿ ರಿವರ್ಸ್ ತೆಗೆಯುವವರೆಗೂ ಕೇಳುತ್ತಿತ್ತು. ಕೈಗವಸು ಅವರ ಕೈಯಲ್ಲೇ ಹೋಯಿತು. ಭುವನಕ್ಕ ವಾಪಸ್ಸು ಕೇಳಲಿಲ್ಲ.

ಈಗ ಅವಳ ಶೆಡ್ಡಿನ ಗೋಡೆಯ ಮೊಳೆಗೆ ಇನ್ನೊಂದು ಜೊತೆ ಹತ್ತಿಯ ಕೈಗವಸು ನೇತುಹಾಕಿದೆ. ಅದು ಗಿರಾಕಿಗಳಿಗೆ. ಕೆಲಸ ಮುಗಿದ ಮೇಲೆ ಹಾಕಿಕೊಂಡು, ಕಣ್ಣು ಮುಚ್ಚಿ, ತಗ್ಗು ಎಲ್ಲಿತ್ತು ಹುಡುಕಿ ಎನ್ನುತ್ತಾಳೆ. ಯಾರಾದರೂ ಹುಡುಕುತ್ತಿರುವಾಗ ಅವಳು ಪಕ್ಕದಲ್ಲಿ ನಿಲ್ಲುವುದಿಲ್ಲ. ಟೀ ಕುಡಿಯಲು ಬರುತ್ತಾಳೆ.