ಅಳದ ಸೊಸೆ

ನನ್ನ ಅವ್ವ ತೀರಿಕೊಂಡಾಗ ಬೆಂಗೇರಿಯ ನಮ್ಮ ಮನೆಯಲ್ಲಿ ಹೆಂಗಸರೆಲ್ಲ ಹೆಣದ ಸುತ್ತ ಕೂತು, ಅವಳ ಗುಣ ಹಾಡಿಕೊಂಡು ಅತ್ತರು. ಬದುಕಿದ್ದಾಗ ಒಂದು ಲೋಟ ನೀರು ಕೊಡದವರು ಎಲ್ಲರಿಗಿಂತ ಚೆನ್ನಾಗಿ ಅತ್ತರು. ಅವ್ವ ಹಾಸಿಗೆ ಹಿಡಿದಷ್ಟು ದಿನವೂ ಅವಳ ಮೈ ತೊಳೆದ ನನ್ನ ಹೆಂಡತಿಯ ಕಣ್ಣಲ್ಲಿ ಮಾತ್ರ ಹನಿ ನೀರಿಲ್ಲ. ಕೆಂಪಗಾದ ಕಣ್ಣು ತಿಕ್ಕಿಕೊಳ್ಳುತ್ತ ಕೂತಿದ್ದಳು.

"ಏನ ಕಲ್ಲೆದಿಯೋ ತಮ್ಮಾ ನಿನ್ನ ಹೇಣ್ತಿದು," ಎಂದಳು ನನ್ನ ಅಕ್ಕ. ನಾನು ಒಪ್ಪಿದೆ. ಆಮೇಲೆ ಜಗಳವಾದಾಗಲೆಲ್ಲ ಅದನ್ನೇ ಎತ್ತಿ ಆಡಿದೆ. ಊಟಕ್ಕೆ ಕೂತರೆ ಹೆಂಡತಿ ರೊಟ್ಟಿಯ ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದಳು. "ರೊಟ್ಟಿ ಉಣ್ಣಾಕತ್ತೀಯೋ, ನೀರಾಗ ಈಸಾಕತ್ತೀಯೋ?" ಅನ್ನುತ್ತಿದ್ದೆ. ಇಂಥ ಜಾಣತನ ನನ್ನಲ್ಲಿ ಧಾರಾಳವಾಗಿತ್ತು.

ಅವಳ ಕಣ್ಣುರಿ ಹೆಚ್ಚಾದಾಗ ಮಾಳಮಡ್ಡಿಯ ಒಬ್ಬ ವೈದ್ಯರಿಗೆ ತೋರಿಸಿದೆ. ರಕ್ತ ಪರೀಕ್ಷೆಯಾದ ಮೇಲೆ, ಅವಳನ್ನು ಹೊರಗೆ ಕೂಡಿಸಿ ಅವರು ನನಗೆ ಬಿಡಿಸಿ ಹೇಳಿದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು, ಕಣ್ಣೀರು ಜೊಲ್ಲು ತಯಾರಿಸುವ ಗ್ರಂಥಿಗಳನ್ನು ಹಾಳುಮಾಡುತ್ತಿದೆಯಂತೆ. "ಭಾಳ ಮಂದಿಗೆ ಇದು ಇಷ್ಟಕ್ಕ ನಿಲ್ತೈತ್ರಿ. ಕೆಲವರಿಗೆ ಮುಂದ ಲಿಂಫೋಮಾ ಅನ್ನೋ ಕ್ಯಾನ್ಸರ್ ಬರಬಹುದು. ಕಿವಿ ಕೆಳಗ ಬಾವು ಬಂದು ಇಳೀಲಿಲ್ಲಂದ್ರ ತಡಾ ಮಾಡಬ್ಯಾಡ್ರಿ."

ಮೆಟ್ರಿಕ್ ಪಾಸಾದವನು, ಎಲ್ಲ ಅರ್ಥವಾಯಿತು. ಹೊರಗೆ ಬಂದು ಅವಳಿಗೆ, "ಏನಿಲ್ಲ, ಉಷ್ಣ ಆಗೇತಂತ. ಕಣ್ಣಿಗೆ ಹನಿ ಬಿಡಬೇಕಂತ," ಎಂದೆ. ರೋಗವೆಂದು ಒಪ್ಪಿದರೆ ಆಡಿದ್ದನ್ನೆಲ್ಲ ಹಿಂದೆ ತೆಗೆದುಕೊಳ್ಳಬೇಕಿತ್ತು. ಅಕ್ಕನೆದುರು ಹೆಂಡತಿಯ ಪರ ನಿಲ್ಲಬೇಕಿತ್ತು. ಅಷ್ಟು ದೊಡ್ಡ ಅನಾಹುತ ನನ್ನಂಥ ಗಂಡಸು ತಡೆದುಕೊಂಡಾನೆಯೇ?

ಕೆಲವು ವರ್ಷಗಳ ನಂತರ ಅವಳ ಎಡಗಿವಿಯ ಕೆಳಗೆ ಬಾವು ಬಂತು. ಮಂಗನಬಾವು ಎಂದು ತೀರ್ಪು ಕೊಟ್ಟು, ಅರಿಷಿಣ ಸುಣ್ಣ ಕಲಸಿ ನಾನೇ ಹಚ್ಚಿದೆ. ತಾರಿಹಾಳದ ಕಾರ್ಖಾನೆಯಲ್ಲಿ ಬೇರಿಂಗ್ ಸ್ವಲ್ಪ ಸದ್ದು ಮಾಡಿದರೂ ಯಂತ್ರ ನಿಲ್ಲಿಸುತ್ತಿದ್ದ ಮೇಸ್ತ್ರಿ ನಾನು. ಆ ಎಚ್ಚರವನ್ನು ಮನೆಗೆ ತರುವ ರೂಢಿ ಇರಲಿಲ್ಲ.

"ಅಲ್ರಿ, ಮಂಗನಬಾವು ತಿಂಗಳಗಟ್ಲೆ ಇರ್ತೈತೇನ್ರಿ?"

"ನಿನ್ನ ಬಿಟ್ಟ ಹೋಗಾಕ ಅದಕ್ಕೂ ಮನಸಿಲ್ಲ."

ಕುತ್ತಿಗೆಯಲ್ಲೂ ಗಂಟುಗಳೆದ್ದ ಮೇಲೆ ಅವಳೇ ಹಟ ಹಿಡಿದು ಮಾಳಮಡ್ಡಿಗೆ ಹೊರಡಿಸಿದಳು. ವೈದ್ಯರು ಮುಟ್ಟಿ ನೋಡಿ, ಅವಳೆದುರೇ ನನ್ನನ್ನು ಕೇಳಿದರು, "ನಾ ನಿಮಗ ಮೊದಲ ಹೇಳಿದ್ನೆಲ್ರಿ?" ಅವಳು ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿದ್ದ ಕೂಸಿನ ಚಿತ್ರವನ್ನು ಬಹಳ ಆಸ್ಥೆಯಿಂದ ನೋಡಿದೆ.

ಗಂಟಿನ ತುಣುಕು ತೆಗೆದು ಪರೀಕ್ಷಿಸಿದರು. ವೈದ್ಯರು ಹೆದರಿದ್ದ ಕ್ಯಾನ್ಸರೇ ಆಗಿತ್ತು. ಮೊದಲೇ ಬಂದಿದ್ದರೆ ಎಂದು ಅವಳು ಕೇಳಿದ್ದಕ್ಕೆ, ಈಗ ಆ ಮಾತು ಬೇಡ ಎಂದರು.

ಚಿಕಿತ್ಸೆ ನಡೆದಾಗ ಅಕ್ಕ ನೋಡಲು ಬಂದಳು. ಹೆಂಡತಿ ಆಗಷ್ಟೇ ಕಣ್ಣಿಗೆ ಔಷಧ ಬಿಟ್ಟುಕೊಂಡಿದ್ದಳು. ಹನಿಗಳು ಕೆನ್ನೆಗೆ ಇಳಿದಿದ್ದವು.

"ತನಗ ಬಂದಾಗರ ಅಳು ಬಂತಲ್ಲ. ನಮ್ಮವ್ವಗ ಒಂದ ಹನೀನೂ ಬರಲಿಲ್ಲ."

"ಇದು ಔಷಧ್ರಿ ಅಕ್ಕಾರ. ನನ್ನ ಕಣ್ಣೀರು ಯಾಕ ಬರೂದಿಲ್ಲಂತ ನಿಮ್ಮ ತಮ್ಮಗ ಗೊತ್ತೈತಿ, ಕೇಳ್ರಿ," ಎಂದಳು ಹೆಂಡತಿ, ಮೆಲ್ಲಗೆ.

ಇಬ್ಬರೂ ನನ್ನ ಮುಖ ನೋಡಿದರು. ನಾನು ಚಹಾಕ್ಕೆ ಹಾಲು ತರಲು ಹೋದೆ. ಮನೆಯಲ್ಲಿ ಹಾಲಿತ್ತು.

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಕೆಲವು ವರ್ಷ ಬದುಕಿ ಹೋದಳು. ಅವತ್ತು ನಾನು ಅತ್ತ ರೀತಿಯನ್ನು ಓಣಿಯವರು ಇಂದಿಗೂ ಹೊಗಳುತ್ತಾರೆ. "ಎಷ್ಟ ಜೀವಾ ಇಟ್ಟಿದ್ದಿಯೋ ತಮ್ಮಾ," ಎಂದು ಅಕ್ಕ ತನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿದಳು. ಒರೆಸಿದಷ್ಟೂ ಬರುತ್ತಿತ್ತು. ನನ್ನ ಗ್ರಂಥಿಗಳಿಗೆ ಯಾವ ರೋಗವೂ ಇರಲಿಲ್ಲ.